ವೆಬ್‌ಕಾಮಿಕ್ ಅಭಿಮಾನಿಗಳ ಬಳಗಕ್ಕೆ ಸೇರುವ ಆಸೆ. ಹತ್ತು ವರ್ಷ ತಡವಾಯ್ತಾ?

ಹಿತ್ತಲ_ದಾಸವಾಳ | ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಗ ನಾಲ್ಕನೇ ಕ್ಲಾಸು.

ಹೋದ ಮಳೆಗಾಲದಲ್ಲಿ ಅವನಿಗೆ ಜ್ವರ ಬಂದು ಒಂದು ವಾರ ಮನೆಯಲ್ಲೇ ಮಲಗಿದ್ದ. ಆಗ ಫೋನಿನಲ್ಲಿ 'ಪೆಪ್ಪರ್ ಅಂಡ್ ಕ್ಯಾರೆಟ್' ಅನ್ನುವ ವೆಬ್‌ಕಾಮಿಕ್, ಅಂದರೆ ಇಂಟರ್ನೆಟ್ಟಿನಲ್ಲಿ ಬರುವ ಚಿತ್ರಕಥೆ, ಕಣ್ಣಿಗೆ ಬಿತ್ತು. ಪೆಪ್ಪರ್ ಅನ್ನುವ ಪುಟ್ಟ ಮಾಟಗಾತಿ, ಅವಳ ಕಿತ್ತಳೆ ಬಣ್ಣದ ಬೆಕ್ಕು ಕ್ಯಾರೆಟ್, ಹೆರೆವಾ ಅನ್ನುವ ಲೋಕ. ಫ್ರಾನ್ಸಿನ ಡೇವಿಡ್ ರೆವೊಯ್ 2014ರಿಂದ ಬರೆಯುತ್ತಿದ್ದಾರೆ. ಮೂವತ್ತಕ್ಕೂ ಹೆಚ್ಚು ಕಂತುಗಳಿವೆ. ಚಿತ್ರ ಎಷ್ಟು ಚೆಂದ ಅಂದರೆ ಮಗ ಒಂದೊಂದು ಚೌಕವನ್ನೂ ಬೆರಳಲ್ಲಿ ಹಿಗ್ಗಿಸಿ ನೋಡುತ್ತಾನೆ. ನಾನು ಇಂಗ್ಲಿಷಿನಲ್ಲಿ ಓದಿಕೊಂಡು ಅವನಿಗೆ ಕನ್ನಡದಲ್ಲಿ ಹೇಳುತ್ತೇನೆ. ಈಗ ಎರಡನೇ ಸಲ ಮೊದಲಿನಿಂದ ಓದುತ್ತಿದ್ದೇವೆ.

ನನಗೆ ಆ ಬಳಗಕ್ಕೆ ಸೇರಬೇಕು. ಇದರ ಬಗ್ಗೆ ಮಾತಾಡಲು ನಮ್ಮೂರಲ್ಲಿ ನನಗೆ ಯಾರೂ ಇಲ್ಲ. ಒಂದು ದಿನ ಅಲ್ಲಿ ಕಾಮೆಂಟ್ ಬರೆಯಲು ಕೂತೆ. ಇಪ್ಪತ್ತು ನಿಮಿಷ ಬರೆದು ಅಳಿಸಿಬಿಟ್ಟೆ. ಇಂಗ್ಲಿಷು ತಪ್ಪಾಗಬಹುದು ಅಂತ ಅಳುಕು. ಚಿತ್ರ ಬರೆಯಲು ಬರುವುದಿಲ್ಲ. ವಯಸ್ಸು 38. ಅವರೆಲ್ಲ ಹತ್ತು ವರ್ಷದಿಂದ ಪರಿಚಯದವರು. ನಡುವೆ ಹೋಗಿ ಏನಂತ ಮಾತು ಶುರು ಮಾಡಲಿ? ನಿಮ್ಮಲ್ಲಿ ಯಾರಾದರೂ ಹೀಗೆ ತಡವಾಗಿ ಸೇರಿದ್ದೀರಾ?

ಕಡಲಕರೆ | ರಾತ್ರಿ 9:52

ತಡ ಅನ್ನೋದೇ ಇಲ್ಲ ಅಕ್ಕಾ. ಇವತ್ತೇ ಹೋಗಿ ಹಾಯ್ ಅನ್ನಿ.

ಪುಟತಿರುಗಿಸು | ರಾತ್ರಿ 10:05

ನಾನು ಇದಕ್ಕೆ ಒಪ್ಪುವುದಿಲ್ಲ. ಮೊದಲು ಒಂದು ತಿಂಗಳು ಸುಮ್ಮನೆ ಓದಿ ಮೇಡಂ. ಪ್ರತಿ ಬಳಗಕ್ಕೂ ಒಂದು ರೀತಿನೀತಿ ಇರುತ್ತದೆ. 'ಆರ್ಡರ್ ಆಫ್ ದಿ ಸ್ಟಿಕ್' 2003ರಿಂದ ನಡೆಯುತ್ತಿರುವ ವೆಬ್‌ಕಾಮಿಕ್. ಅದರ ಓದುಗರ ವೇದಿಕೆಯಲ್ಲಿ ಹೊರಜಗತ್ತಿನ ರಾಜಕೀಯ, ಧರ್ಮದ ಚರ್ಚೆ ಮಾಡುವ ಹಾಗಿಲ್ಲ. ನಾನು ಅದು ಗೊತ್ತಿಲ್ಲದೆ ಕಥೆಯ ದೇವತೆಗಳನ್ನು ನಮ್ಮ ದೇವತೆಗಳಿಗೆ ಹೋಲಿಸಿ ಉದ್ದ ಬರೆದೆ. ಬರಹ ತೆಗೆದುಹಾಕಿದರು. ತಪ್ಪು ನನ್ನದೇ. ನಿಯಮ ಮೇಲೆಯೇ ಬರೆದಿತ್ತು. ಆದರೂ ಬೇಸರವಾಗಿ ಆರು ತಿಂಗಳು ಆ ಕಡೆ ಹೋಗಲಿಲ್ಲ.

ಕಡಲಕರೆ | ರಾತ್ರಿ 10:11

ನಿಯಮ ಓದುವುದಕ್ಕೆ ಹತ್ತು ನಿಮಿಷ ಸಾಕು ಸರ್. ಒಂದು ತಿಂಗಳು ಸುಮ್ಮನಿದ್ದರೆ ಅಭ್ಯಾಸವೇ ಆಗಿಬಿಡುತ್ತದೆ. ನಾನು ಒಂದು ಕೊರಿಯನ್ ವೆಬ್‌ಟೂನ್ (ಫೋನಿನಲ್ಲಿ ಓದುವ ಕಾಮಿಕ್) ಗುಂಪಿನಲ್ಲಿ ಎರಡು ವರ್ಷ ಬಾಯಿ ಬಿಡದೆ ಕೂತಿದ್ದೆ. ಕಥೆ ಮುಗಿದ ದಿನ ಎಲ್ಲರೂ ಒಬ್ಬರಿಗೊಬ್ಬರು ಹೆಸರು ಹಿಡಿದು ಕರೆದು ಥ್ಯಾಂಕ್ಸ್ ಹೇಳಿಕೊಂಡರು. ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ದಿನ ಅತ್ತಿದ್ದೇನೆ. ಅಕ್ಕನಿಗೆ ಹಾಗಾಗಬಾರದು.

ರಾತ್ರಿಪಾಳಿ | ರಾತ್ರಿ 10:48

ನನ್ನ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದವಿದೆ.

2013ರ ಮಾರ್ಚ್ 25. ನಾನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಎಕ್ಸ್‌ಕೆಸಿಡಿ ಅನ್ನುವ ವೆಬ್‌ಕಾಮಿಕ್‌ನಲ್ಲಿ ಆ ದಿನ 'ಟೈಮ್' ಅನ್ನುವ ಕಂತು ಬಂತು. ನಂಬರ್ 1190. ಕಡ್ಡಿಯಂತಹ ಇಬ್ಬರು ಕಡಲ ದಂಡೆಯಲ್ಲಿ ಕೂತಿದ್ದಾರೆ. ಅಷ್ಟೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಚಿತ್ರ ಒಂಚೂರು ಬದಲಾಗಿದೆ. ಮತ್ತೆ ಅರ್ಧ ಗಂಟೆಗೆ ಇನ್ನೊಂಚೂರು. ಮರಳಿನ ಕೋಟೆ ಕಟ್ಟುತ್ತಿದ್ದಾರೆ! ಕೆಲವು ದಿನದ ಮೇಲೆ ಗಂಟೆಗೊಂದು ಚಿತ್ರವಾಯಿತು. ನಾಲ್ಕು ತಿಂಗಳು ಬಿಡದೆ ನಡೆಯಿತು. ಜುಲೈ 26ಕ್ಕೆ ಮುಗಿದಾಗ 3,099 ಚಿತ್ರ.

ಇದರ ಬಗ್ಗೆ ಎಕ್ಸ್‌ಕೆಸಿಡಿ ಓದುಗರ ವೇದಿಕೆಯಲ್ಲಿ ಒಂದು ದೊಡ್ಡ ಚರ್ಚೆ ಹುಟ್ಟಿತು. ಅಲ್ಲಿನವರು ತಮ್ಮದೇ ಮಾತು ಕಟ್ಟಿಕೊಂಡರು. ಹೊಸ ಚಿತ್ರಕ್ಕೆ 'ನ್ಯೂಪಿಕ್ಸ್' ಅನ್ನುತ್ತಿದ್ದರು. 'ಒಂದು ನ್ಯೂಪಿಕ್ಸ್ ತಡಿ' ಅಂದರೆ ಒಂದು ಗಂಟೆ ತಡಿ ಅಂತ. ಕಥೆಯಲ್ಲಿ ರಾತ್ರಿ ಬಂದು ಆಕಾಶ ಕಂಡಾಗ ಕೆಲವರು ನಕ್ಷತ್ರಗಳ ಜಾಗ ಲೆಕ್ಕ ಹಾಕಿದರು. ಕಥೆ ನಡೆಯುವುದು ನಮ್ಮಿಂದ ಸುಮಾರು ಹನ್ನೊಂದು ಸಾವಿರ ವರ್ಷ ಮುಂದೆ ಅಂತ ಕಂಡುಹಿಡಿದರು. ಬರೆದ ರಾಂಡಲ್ ಮನ್ರೋ ಆಮೇಲೆ ಅದು ನಿಜ ಅಂದರು.

ನನಗೆ ನಕ್ಷತ್ರ ಗೊತ್ತಿಲ್ಲ. ಪ್ರೋಗ್ರಾಂ ಬರೆಯಲು ಆಗ ಅಷ್ಟು ಬರುತ್ತಿರಲಿಲ್ಲ. ಮೂರು ವಾರ ಸುಮ್ನೆ ಓದಿದೆ. ಆಮೇಲೆ ಒಂದು ವಿಷಯ ಹೊಳೆಯಿತು. ಅಮೆರಿಕದವರು ಮಲಗುವ ಹೊತ್ತಿಗೆ ನಮಗೆ ಹಗಲು. ಅವರು ಮಲಗಿದ್ದಾಗ ಬಂದ ಚಿತ್ರಗಳಲ್ಲಿ ಏನೇನು ಬದಲಾಯಿತು ಅಂತ ದಿನಾ ನಾಲ್ಕೈದು ಸಾಲು ಬರೆದು ಹಾಕತೊಡಗಿದೆ. ಇಂಗ್ಲಿಷು ಅಷ್ಟಕ್ಕಷ್ಟೇ. 'ಎಡಗಡೆ ಗೋಪುರ ಬಿತ್ತು. ಹುಡುಗಿ ಎದ್ದು ನಿಂತಳು.' ಇಂಥವೇ ಸಾಲು. ಎರಡನೇ ವಾರ ಒಬ್ಬರು ಬರೆದರು: 'ಬೆಳಗ್ಗೆ ಎದ್ದ ಕೂಡಲೇ ನಿಮ್ಮ ಸಾಲು ಓದಿ ಆಮೇಲೆ ಕಾಫಿ ಮಾಡುತ್ತೇನೆ.' ಅವತ್ತಿನಿಂದ ನಾನು ಅವರಲ್ಲಿ ಒಬ್ಬ.

ಅಕ್ಕಾ, ನೀವು ಹೋಗಿ ಏನು ಹೇಳಲಿ ಅಂತ ಕೇಳುತ್ತಿದ್ದೀರಿ. ಏನು ಮಾಡಲಿ ಅಂತ ಯೋಚಿಸಿ. ಚಿಕ್ಕದೇ ಆಗಲಿ.

ಹಿತ್ತಲ_ದಾಸವಾಳ | ರಾತ್ರಿ 11:02

ಇದನ್ನು ಓದಿ ಮೈ ಜುಮ್ ಅಂದಿತು. ಆ ಚರ್ಚೆ ಈಗಲೂ ಇದೆಯಾ?

ರಾತ್ರಿಪಾಳಿ | ರಾತ್ರಿ 11:09

ವೇದಿಕೆ 2019ರಲ್ಲಿ ಮುಚ್ಚಿತು ಅಕ್ಕಾ. ಚಿತ್ರಗಳು ಉಳಿದಿವೆ. ಅಭಿಮಾನಿಗಳು ಮೊದಲಿನಿಂದ ಕೊನೆವರೆಗೆ ಓಡಿಸಿ ನೋಡುವ ಹಾಗೆ ಜೋಡಿಸಿಟ್ಟಿದ್ದಾರೆ. 2014ರಲ್ಲಿ 'ಟೈಮ್'ಗೆ ವೈಜ್ಞಾನಿಕ, ಕಲ್ಪನಾಲೋಕದ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ನಮ್ಮ ಮನೆ ಹುಡುಗನಿಗೇ ಬಂದ ಹಾಗೆ ಖುಷಿಪಟ್ಟೆವು.

ಚಳಿನಾಡು | ರಾತ್ರಿ 11:30

ಇಂಗ್ಲಿಷ್ ಬಗ್ಗೆ ಒಂದು ಮಾತು. ನಾನು ಮಂಡ್ಯದವನು, ಈಗ ಜರ್ಮನಿಯಲ್ಲಿದ್ದೇನೆ. ಪೆಪ್ಪರ್ ಅಂಡ್ ಕ್ಯಾರೆಟ್ ಬರೆದವರಿಗೇ ಇಂಗ್ಲಿಷ್ ತಾಯ್ನುಡಿಯಲ್ಲ. ಅವರು ಫ್ರೆಂಚರು. ಅಲ್ಲಿ ಅನುವಾದ ಮಾಡುವವರು ಐವತ್ತಕ್ಕೂ ಹೆಚ್ಚು ಭಾಷೆಯವರು. ಎಲ್ಲರದ್ದೂ ಕಲಿತ ಇಂಗ್ಲಿಷೇ. ನಿಮ್ಮದೂ ಅದೇ. ಅದರಲ್ಲಿ ಮುಜುಗರ ಪಡುವಂಥದ್ದು ಏನಿದೆ?

ಗೆರೆಗಾರ | ರಾತ್ರಿ 11:44

ಅಕ್ಕಾರ, ನೀವು ಒಂದು ಮುಖ್ಯ ಮಾತು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. 'ಮಗನಿಗೆ ಕನ್ನಡದಲ್ಲಿ ಹೇಳುತ್ತೇನೆ' ಅಂದಿರಲ್ಲ? ಅದೇ ನಿಮ್ಮ ದಾರಿ.

ನಾನು ಧಾರವಾಡದಲ್ಲಿ ಚಿತ್ರ ಬರೆಯುವವನು. ರೆವೊಯ್ ಚಿತ್ರ ಬರೆಯಲು ಬಳಸುವ ಕ್ರಿತಾ ತಂತ್ರಾಂಶದಿಂದಲೇ ನನಗೆ ಆ ಕಾಮಿಕ್ ಪರಿಚಯ. ಅದು ಉಚಿತ, ಮುಕ್ತ ತಂತ್ರಾಂಶ. ಕಾಮಿಕ್ ಕೂಡ ಹಾಗೆಯೇ. ಚಿತ್ರವೇ ಬೇರೆ, ಮಾತೇ ಬೇರೆ ಫೈಲಿನಲ್ಲಿ ಇರುತ್ತವೆ. ಮಾತಿನ ಫೈಲನ್ನು ಇಂಕ್‌ಸ್ಕೇಪ್ ಅನ್ನುವ ಇನ್ನೊಂದು ಚಿತ್ರದ ತಂತ್ರಾಂಶದಲ್ಲಿ ತೆರೆದು ಇಂಗ್ಲಿಷ್ ಅಳಿಸಿ ನಮ್ಮ ಭಾಷೆ ಬರೆಯಬಹುದು. ಚಿತ್ರಕ್ಕೆ ಕೈ ಹಚ್ಚಬೇಕಾಗಿಯೇ ಇಲ್ಲ. ಓದುಗರು ಮಾಡಿದ ಅನುವಾದಗಳೇ ಅಲ್ಲಿ ಇರುವುದು. ಪ್ರತಿ ಕಂತಿನ ಕೊನೆಗೆ ಅನುವಾದ ಮಾಡಿದವರ ಹೆಸರು ಬರುತ್ತದೆ. ನೀವು ದಿನಾ ರಾತ್ರಿ ಹಾಸಿಗೆಯಲ್ಲಿ ಮಾಡುವ ಕೆಲಸವನ್ನು ಬರೆದಿಟ್ಟರೆ ಸಾಕು.

ಪುಟತಿರುಗಿಸು | ಬೆಳಗ್ಗೆ 7:15

ಒಂದು ಪ್ರಶ್ನೆ. ಬಿಟ್ಟಿ ಕೆಲಸ ಯಾಕೆ ಮಾಡಬೇಕು? ನಾನು ಹದಿನಾಲ್ಕು ವರ್ಷದಿಂದ ಅನುವಾದ ಮಾಡಿ ಹೊಟ್ಟೆ ಹೊರೆಯುವವನು. ಪುಟಕ್ಕೆ ಇಷ್ಟು ಅಂತ ಕೇಳಿದರೆ 'ಭಾಷೆಯ ಸೇವೆ ಅಲ್ವಾ' ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಅಭಿಮಾನದ ಹೆಸರಲ್ಲಿ ದುಡಿಸಿಕೊಂಡು ಆಮೇಲೆ ಬೇರೆ ಯಾರೋ ಪುಸ್ತಕ ಮಾಡಿ ಮಾರಿದರೆ?

ಗೆರೆಗಾರ | ಬೆಳಗ್ಗೆ 8:02

ಸರ್, ಕೇಳಬೇಕಾದ ಪ್ರಶ್ನೆಯೇ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಈ ಕಾಮಿಕ್‌ನ ಪರವಾನಗಿ ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0. ಅಂದರೆ ಯಾರು ಬೇಕಾದರೂ ನಕಲು ಮಾಡಬಹುದು, ಬದಲಿಸಬಹುದು, ಮಾರಲೂಬಹುದು. ಮಾಡಿದವರ ಹೆಸರು, ಪರವಾನಗಿ ಯಾವುದು ಅಂತ ಹಾಕಬೇಕು, ಬದಲಿಸಿದ್ದರೆ ಅದನ್ನೂ ಹೇಳಬೇಕು, ಅಷ್ಟೇ ಷರತ್ತು. ಫ್ರಾನ್ಸಿನ ಗ್ಲೇನಾ ಪ್ರಕಾಶನ 2016ರಲ್ಲಿ ಪುಸ್ತಕ ಮಾಡಿ ಮಾರಿತು. ರೆವೊಯ್ ಬೇಸರಪಡಲಿಲ್ಲ. ಓದುಗರು ಕೊಡುವ ದೇಣಿಗೆಯಲ್ಲಿ ಅವರ ಕೆಲಸ ನಡೆಯುತ್ತದೆ.

ಹಾಗಾಗಿ ಹೌದು, ಅಕ್ಕನ ಕನ್ನಡವನ್ನು ನಾಳೆ ಯಾರಾದರೂ ಅಚ್ಚು ಮಾಡಿ ಮಾರಬಹುದು. ಅಕ್ಕನ ಹೆಸರು ಇರಬೇಕು. ದುಡ್ಡು ಬರಲೇಬೇಕು ಅಂತಿಲ್ಲ. ಇದನ್ನು ಮೊದಲೇ ತಿಳಿದು ಒಪ್ಪಿಗೆಯಾದರೆ ಮಾತ್ರ ಇಳಿಯಬೇಕು. ಆದರೆ ಅದೇ ಪರವಾನಗಿಯಿಂದ ಶಿರಸಿಯ ಶಾಲೆಯೊಂದು ಹತ್ತು ಪ್ರತಿ ತೆಗೆದು ಮಕ್ಕಳಿಗೆ ಕೊಡಬಹುದು. ಯಾರನ್ನೂ ಕೇಳಬೇಕಾಗಿಲ್ಲ.

ಪುಟತಿರುಗಿಸು | ಬೆಳಗ್ಗೆ 8:20

ಎಲ್ಲರಿಗೂ ಬಿಟ್ಟಿರುವುದಾದರೆ ಅದು ಬೇರೆ ಮಾತು. ಒಬ್ಬರ ಲಾಭಕ್ಕೆ ಅಲ್ಲ ಅಂತಾಯಿತು. ಆದರೂ ಹೊಸಬರಿಗೆ ಇದನ್ನು ಬಿಡಿಸಿ ಹೇಳಬೇಕು. ನೀವು ಹೇಳಿದಿರಿ, ಒಳ್ಳೆಯದಾಯಿತು.

ಕಡಲಕರೆ | ಬೆಳಗ್ಗೆ 8:41

ಹಾಗಾದರೆ ನಾನೂ ನನ್ನ ಇಷ್ಟದ ಕೊರಿಯನ್ ವೆಬ್‌ಟೂನ್ ಕನ್ನಡಕ್ಕೆ ಮಾಡಿ ಟೆಲಿಗ್ರಾಂನಲ್ಲಿ ಹಾಕಬಹುದಾ?

ರಾತ್ರಿಪಾಳಿ | ಬೆಳಗ್ಗೆ 8:47

ಇಲ್ಲ ತಮ್ಮಾ. ಅದಕ್ಕೆ ಆ ಪರವಾನಗಿ ಇಲ್ಲ. ಕಂತು ಕಂತಾಗಿ ಮಾರಿ ಅವರು ಬದುಕುತ್ತಾರೆ. ಒಂದೊಂದು ಕಾಮಿಕ್‌ಗೂ ಒಂದೊಂದು ಷರತ್ತು. ಎಕ್ಸ್‌ಕೆಸಿಡಿಯನ್ನು ಹೆಸರು ಹಾಕಿ ಅನುವಾದಿಸಬಹುದು, ಆದರೆ ಮಾರುವ ಹಾಗಿಲ್ಲ. ಪೆಪ್ಪರ್ ಅಂಡ್ ಕ್ಯಾರೆಟ್‌ಗೆ ಆ ತಡೆಯೂ ಇಲ್ಲ. ಕೈ ಹಾಕುವ ಮೊದಲು ಷರತ್ತು ಓದಬೇಕು.

ಅಕ್ಷರಮಣೆ | ಬೆಳಗ್ಗೆ 9:30

ಡಿಟಿಪಿ ಮಾಡುವವಳು, ಮೈಸೂರು. ಅಕ್ಕ ಕೆಲಸಕ್ಕೆ ಇಳಿಯುವುದಾದರೆ ಮೊದಲೇ ಹೇಳಿಬಿಡುತ್ತೇನೆ. ನುಡಿ, ಶ್ರೀಲಿಪಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಬೇಡಿ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡ್ ಮಾತ್ರ. ಫಾಂಟ್ ಕೂಡ ಮುಕ್ತ ಪರವಾನಗಿಯದ್ದೇ ಆಗಬೇಕು. ಕಾಮಿಕ್‌ಗೆ 'ಬಲೂ ತಮ್ಮ' ಚೆಂದ. ದುಂಡಗೆ, ದಪ್ಪಗೆ, ಮಕ್ಕಳಿಗೆ ಹಿಡಿಸುತ್ತದೆ. 'ನೋಟೋ ಸಾನ್ಸ್ ಕನ್ನಡ' ಸ್ಪಷ್ಟ, ಆದರೆ ನೋಟಿಸ್ ಬೋರ್ಡಿನ ಹಾಗೆ ಕಾಣುತ್ತದೆ.

ಎರಡನೇ ತೊಂದರೆ ಮಾತಿನ ಗುಳ್ಳೆಯದು. ಗುಳ್ಳೆಯನ್ನು ಇಂಗ್ಲಿಷಿನ ಅಳತೆಗೆ ಮಾಡಿರುತ್ತಾರೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಹೋಗುತ್ತದೆ. ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. ಮೇಲೆ ನಮ್ಮ ಪದಗಳೂ ಉದ್ದ. 'ಹೋಗಬೇಕಾಗಿತ್ತಲ್ಲ' ಅಂತ ಒಂದು ಪದ ಬಂದರೆ ಗುಳ್ಳೆಯೇ ತುಂಬಿತು. ಅಕ್ಷರ ಚಿಕ್ಕದು ಮಾಡಿದರೆ ಮಕ್ಕಳಿಗೆ ಓದಲಾಗದು. ಹಾಗಾಗಿ ಮಾತನ್ನೇ ಮೊಟಕು ಮಾಡಬೇಕು. 'ಹೋಗ್ಬೇಕಿತ್ತು!' ಅಂದರೆ ಸಾಕು. ಆಡುಮಾತು ಇಲ್ಲಿ ಅರ್ಥಕ್ಕೂ ಒಳ್ಳೆಯದು, ಜಾಗಕ್ಕೂ ಒಳ್ಳೆಯದು.

ಹಿತ್ತಲ_ದಾಸವಾಳ | ಮಧ್ಯಾಹ್ನ 1:25

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಇಷ್ಟೆಲ್ಲ ದಾರಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಿನ್ನೆ ರಾತ್ರಿ ಮಗನಿಗೆ ಹೇಳಿದೆ. ಅವನು ಕೂಡಲೇ ಕೇಳಿದ ಪ್ರಶ್ನೆ: 'ಅಮ್ಮಾ, ಪೆಪ್ಪರ್ ಅಂದ್ರೆ ಕಾಳುಮೆಣಸಲ್ವಾ? ನಮ್ಮ ಅಡಿಕೆ ಮರದ ಮೇಲೆ ಇದ್ಯಲ್ಲ ಅದು? ಹಾಗಾದ್ರೆ ಅವಳ ಹೆಸರು ಮೆಣಸು ಅಂತ ಇಡು.' ನನಗೆ ಉತ್ತರ ಹೊಳೆಯಲಿಲ್ಲ. ಹೆಸರು ಬದಲಿಸಬಹುದಾ?

ಚಳಿನಾಡು | ಮಧ್ಯಾಹ್ನ 2:10

ಬದಲಿಸಬಹುದು. ಒಂದೊಂದು ಭಾಷೆಯವರು ಪಾತ್ರಗಳಿಗೆ ಏನು ಹೆಸರಿಟ್ಟಿದ್ದಾರೆ ಅಂತ ಅವರೇ ಒಂದು ದೊಡ್ಡ ಪಟ್ಟಿ ಇಟ್ಟುಕೊಂಡಿದ್ದಾರೆ. ಆದರೆ ನನ್ನ ಅಭಿಪ್ರಾಯ, ಬದಲಿಸಬೇಡಿ. ಮಗು ನಾಳೆ ಬೇರೆ ಊರಿನ ಮಗುವಿನ ಜೊತೆ ಮಾತಾಡುವಾಗ ಹೆಸರು ಒಂದೇ ಇರಲಿ.

ಜೋಳದರೊಟ್ಟಿ | ಮಧ್ಯಾಹ್ನ 2:18

ಬದಲಿಸಲೇಬೇಕ್ರಿ! ಆ ಕಥೆಯಲ್ಲಿ ಮಾಟಗಾತಿಯರ ಹೆಸರೆಲ್ಲ ಅಡಿಗೆಮನೆಯಿಂದಲೇ ಬಂದದ್ದು. ಕ್ಯುಮಿನ್ ಅಂದರೆ ಜೀರಿಗೆ. ಸ್ಯಾಫ್ರನ್ ಅಂದರೆ ಕೇಸರಿ. ಕೊರಿಯಾಂಡರ್ ಅಂದರೆ ಕೊತ್ತಂಬರಿ. ಇಂಗ್ಲಿಷ್ ಓದುವ ಮಗುವಿಗೆ ಮಸಾಲೆ ಡಬ್ಬಿ ತೆರೆದ ಹಾಗೆ ಅನ್ನಿಸುತ್ತದೆ. ಕನ್ನಡದ ಮಗುವಿಗೆ ಬರೀ ಸದ್ದು ಕೇಳಿದರೆ ಏನು ಬಂತು? ಮತ್ತೆ ಕ್ಯಾರೆಟ್‌ಗೆ ಗಜ್ಜರಿ ಅನ್ನಿರಿ. ನಮ್ಮ ವಿಜಯಪುರದ ಕಡೆ ಸಂತೆಯಲ್ಲಿ ಎಲ್ಲರೂ ಗಜ್ಜರಿ ಅಂತಲೇ ಕೇಳುತ್ತಾರೆ. ಕಿತ್ತಳೆ ಬಣ್ಣದ ಬೆಕ್ಕಿಗೆ ಎಂಥ ಹೆಸರು!

ಅಕ್ಷರಮಣೆ | ಮಧ್ಯಾಹ್ನ 2:30

ಮೈಸೂರಿನ ಮಕ್ಕಳಿಗೆ ಗಜ್ಜರಿ ಗೊತ್ತಿಲ್ಲ.

ಜೋಳದರೊಟ್ಟಿ | ಮಧ್ಯಾಹ್ನ 2:33

ಗೊತ್ತಾಗಲಿ ಬಿಡ್ರಿ. ಬೆಕ್ಕಿನ ಚಿತ್ರ ಎದುರಿಗೇ ಇರುತ್ತದೆ. ಒಂದು ಕಂತಿನಲ್ಲಿ ಕಲಿಯುತ್ತಾರೆ.

ಗೆರೆಗಾರ | ಮಧ್ಯಾಹ್ನ 3:05

ನಾನು ರೊಟ್ಟಿಯವರ ಕಡೆ. ಪೆಪ್ಪರ್‌ಗೆ ಪಾಠ ಹೇಳುವ ಹಿರಿಯ ಮಾಟಗಾತಿಯರು ಮೂವರು. ಕಯೆನ್, ಕ್ಯುಮಿನ್, ಥೈಮ್. ಕಯೆನ್ ಅಂದರೆ ಖಾರದ ಕೆಂಪು ಮೆಣಸಿನಕಾಯಿ. ಆಕೆಗೆ 'ಬ್ಯಾಡಗಿ' ಅಂತ ಇಟ್ಟರೆ ಹೇಗೆ?

ಜೋಳದರೊಟ್ಟಿ | ಮಧ್ಯಾಹ್ನ 3:12

ಅದು ಆಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ. ಖಾರ ಕಡಿಮೆ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಆ ಊರಿನದೇ ವಿಶೇಷ ಬೆಳೆ ಅನ್ನುವ ಮಾನ್ಯತೆಯೂ ಬಂತು. ಆದರೆ ಕಯೆನ್ ಮೂವರಲ್ಲೇ ಗಡಸು. ಕಣ್ಣಲ್ಲೇ ಹೆದರಿಸುವ ಹೆಂಗಸು. ಬ್ಯಾಡಗಿ ಅಂದರೆ ಮೆತ್ತಗಾಗುತ್ತದೆ. 'ಖಾರವ್ವ' ಅನ್ನಿರಿ.

ರಾತ್ರಿಪಾಳಿ | ಮಧ್ಯಾಹ್ನ 3:15

ಖಾರವ್ವ! ಇದು ನಿಲ್ಲುವ ಹೆಸರು.

ಪುಟತಿರುಗಿಸು | ಸಂಜೆ 4:00

ಥೈಮ್‌ಗೆ ನಮ್ಮಲ್ಲಿ ಹೆಸರಿಲ್ಲ ಅಂತ ಬಿಟ್ಟುಬಿಡಬೇಡಿ. 'ಓಮ' ಸರಿಹೊಂದುತ್ತದೆ. ಗಿಡ ಬೇರೆ, ಆದರೆ ಎರಡರಲ್ಲೂ ಥೈಮಾಲ್ ಅನ್ನುವ ಅದೇ ವಸ್ತು ಇದೆ. ವಾಸನೆಯೂ ಹತ್ತಿರ. ಅಜ್ಜಿಯರಿಗೂ ಓಮಕ್ಕೂ ನಂಟಿದೆ. ಮಗುವಿಗೆ ಹೊಟ್ಟೆನೋವು ಅಂದ ಕೂಡಲೇ ಓಮದ ನೀರು. 'ಓಮಜ್ಜಿ' ಅನ್ನಿ.

ಹೆಸರಿಗಿಂತ ದೊಡ್ಡ ಸಮಸ್ಯೆ ಇನ್ನೊಂದಿದೆ. 'ಮಾಟಗಾತಿ' ಅನ್ನುವ ಪದ. ಇಂಗ್ಲಿಷಿನ ಮಕ್ಕಳ ಕಥೆಗಳಲ್ಲಿ ಒಳ್ಳೆಯ ಮಾಟಗಾತಿಯರೂ ಇದ್ದಾರೆ. ನಮ್ಮಲ್ಲಿ ಮಾಟ ಅಂದರೆ ಕೇಡು. ನಿಂಬೆಹಣ್ಣು, ಕುಂಕುಮ, ಮೂರು ದಾರಿ ಸೇರುವ ಜಾಗ. ಪೆಪ್ಪರ್ ಅಂಥವಳಲ್ಲ.

ಹಿತ್ತಲ_ದಾಸವಾಳ | ಸಂಜೆ 6:50

ಇದು ನಮ್ಮ ಮನೆಯಲ್ಲೇ ಆಗಿದೆ. ನಾನು ಮಗನಿಗೆ 'ಮಾಟಗಾತಿ' ಅಂತ ಓದಿ ಹೇಳುವುದು ಅತ್ತೆಗೆ ಕೇಳಿಸಿತು. 'ರಾತ್ರಿ ಹೊತ್ತು ಇದೆಂಥ ಕಥೆ ಹೇಳ್ತೆ ಮಗುವಿಗೆ' ಅಂತ ಎರಡು ದಿನ ಮಾತು ಬಿಟ್ಟಿದ್ದರು. ಆಮೇಲೆ ಅವರನ್ನೂ ಕೂರಿಸಿಕೊಂಡು ಚಿತ್ರ ತೋರಿಸಿದೆ. ಬೆಕ್ಕು ನೋಡಿ ನಕ್ಕರು. ಈಗ ಅವರೂ ಕೇಳುತ್ತಾರೆ. ಆದರೆ ಆ ಪದ ಬಂದಾಗ ಈಗಲೂ ಮುಖ ಸಣ್ಣದು ಮಾಡುತ್ತಾರೆ.

ಜೋಳದರೊಟ್ಟಿ | ಸಂಜೆ 7:05

'ಮೋಡಿಗಾತಿ' ಅಂದರೆ? ನಮ್ಮ ಕಡೆ ಮೊದಲು ಊರ ನಡುವೆ ಮೋಡಿ ಆಟ ಆಡುತ್ತಿದ್ದರು. ಜನ ಸುತ್ತ ನಿಂತು ನೋಡುತ್ತಿದ್ದರು. ಅದರಲ್ಲಿ ಅಂಜಿಕೆಯೂ ಇತ್ತು, ಮಜವೂ ಇತ್ತು. ಪೆಪ್ಪರ್ ಅಂಥವಳೇ ಅಲ್ಲೇನ್ರಿ?

ಚಳಿನಾಡು | ಸಂಜೆ 7:20

ಮೋಡಿಗಾತಿ ಚೆನ್ನಾಗಿದೆ. ಹೆಸರಿನ ವಿಷಯದಲ್ಲೂ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಖಾರವ್ವ, ಓಮಜ್ಜಿ, ಮೋಡಿಗಾತಿ ಅಂತ ಓದುತ್ತಿದ್ದರೆ ನನಗೇ ಊರು ನೆನಪಾಯಿತು. ಇಲ್ಲಿ ನನ್ನ ಮಗಳಿಗೆ ಏಳು ವರ್ಷ. ಕನ್ನಡ ಮಾತಾಡುತ್ತಾಳೆ, ಓದುವುದಿಲ್ಲ. ಇದು ಕನ್ನಡದಲ್ಲಿ ಬಂದರೆ ಅವಳ ಜೊತೆ ಕೂತು ಓದಿಸುತ್ತೇನೆ. ತಿದ್ದಿ ನೋಡುವ ಕೆಲಸ ನನಗೆ ಕೊಡಿ.

ಕಡಲಕರೆ | ಸಂಜೆ 7:31

ಅಕ್ಕಾ, ಕಾಮಿಕ್‌ನ ಫೈಲುಗಳು ಫ್ರಾಮಾಗಿಟ್ ಅನ್ನುವ ವೆಬ್‌ಸೈಟಿನಲ್ಲಿ ಇರುತ್ತವೆ. ಅಲ್ಲಿಗೆ ಹಾಕುವುದು ಮೊದಲ ಸಲ ಗಲಿಬಿಲಿ ಅನ್ನಿಸುತ್ತದೆ. ನಾನು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಕನ್ನಡ ಬರೆಯಿರಿ. ಆದರೆ ಅಲ್ಲಿ ಪರಿಚಯದ ಮಾತು ನೀವೇ ಬರೆಯಬೇಕು.

ಅಕ್ಷರಮಣೆ | ಸಂಜೆ 7:40

ಪರಿಚಯ ಹೇಳುವಾಗ ಮಗನ ಹೆಸರು, ಫೋಟೋ, ಶಾಲೆ ಯಾವುದೂ ಹಾಕಬೇಡಿ. ಯಾವ ಬಳಗವಾದರೂ ಇದೊಂದು ಎಚ್ಚರ ಇರಲಿ.

ಪುಟತಿರುಗಿಸು | ಸಂಜೆ 7:58

ಮೊದಲ ಕಂತಿನಿಂದ ಶುರು ಮಾಡಿ ಮೇಡಂ. ಚಿಕ್ಕದು, ಮಾತು ಕಡಿಮೆ, ಸದ್ದು ಜಾಸ್ತಿ. ಒಂದು ತಿಂಗಳು ಸುಮ್ಮನಿರಿ ಅಂದಿದ್ದೆ. ಆ ಮಾತು ಬಿಡಿ. ನೀವು ಎಲ್ಲ ಕಂತು ಓದಿ ಈಗ ಎರಡನೇ ಸಲ ಓದುತ್ತಿದ್ದೀರಿ, ಅದಕ್ಕಿಂತ ತಯಾರಿ ಬೇಕಾಗಿಲ್ಲ.

ಹಿತ್ತಲ_ದಾಸವಾಳ | ರಾತ್ರಿ 10:36

ಬರೆದೆ. ಈ ಸಲ ಅಳಿಸಲಿಲ್ಲ. ನಾಲ್ಕೇ ಸಾಲು. ನಾನು ಭಾರತದ ಕರ್ನಾಟಕದವಳು, ನಮ್ಮ ಮನೆಯ ಅಡಿಕೆ ತೋಟದಲ್ಲಿ ಕಾಳುಮೆಣಸಿನ ಬಳ್ಳಿ ಇದೆ, ಮಗನಿಗೆ ನಿಮ್ಮ ಕಥೆಯನ್ನು ದಿನಾ ರಾತ್ರಿ ಕನ್ನಡದಲ್ಲಿ ಹೇಳುತ್ತೇನೆ, ಅದನ್ನು ಬರೆದು ಕೊಡಲು ಇಷ್ಟ. ಅಷ್ಟೆ. ಕಳಿಸುವ ಬಟನ್ ಒತ್ತಿದ್ದು ಮಗ.

ಮೊದಲ ಕಂತಿನ ಮಾತೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಮುಗಿಯಿತು. ಹೆಸರು ಮೆಣಸು, ಗಜ್ಜರಿ. ಅತ್ತೆಯೂ ಒಪ್ಪಿದರು. ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ 'ಸ್ಪ್ಲಾಶ್' ಅಂತ ದೊಡ್ಡದಾಗಿ ಇದೆ. ಮಗ 'ಪಚಕ್' ಅನ್ನುತ್ತಾನೆ. ಅತ್ತೆ 'ದುಡುಂ' ಅನ್ನುತ್ತಾರೆ. ನೀವು ಏನಂತೀರಿ?

ಅಕ್ಷರಮಣೆ | ರಾತ್ರಿ 10:41

ಪಚಕ್ ಅಂದರೆ ಕೆಸರು ತುಳಿದ ಸದ್ದು. ದುಡುಂ ಅಂದರೆ ಕೆರೆಗೆ ಹಾರಿದ ಸದ್ದು. ಚೆಲ್ಲುವುದಕ್ಕೆ 'ಚಳ್' ಇರಲಿ. ಅಕ್ಷರವೂ ಎರಡೇ, ಎಷ್ಟು ದೊಡ್ಡದಾಗಿ ಬೇಕಾದರೂ ಬರೆಯಬಹುದು.

ಜೋಳದರೊಟ್ಟಿ | ರಾತ್ರಿ 10:44

ಚಳ್ ಸಣ್ಣ ಆಯಿತು. ಒಂದು ಕೊಡ ನೀರು ಚೆಲ್ಲಿದರೆ 'ಧಬಾಲ್' ಅನ್ನುತ್ತದೆ.

ರಾತ್ರಿಪಾಳಿ | ರಾತ್ರಿ 10:50

ಅಕ್ಕಾ, ಈಗ ಅಡಿಗೆಮನೆಗೆ ಹೋಗಿ ಒಂದು ತಂಬಿಗೆ ನೀರು ಕಲ್ಲಿನ ಮೇಲೆ ಸುರಿಸಿ, ಮಗನಿಗೆ ಕಣ್ಣು ಮುಚ್ಚಿ ಕೇಳಲು ಹೇಳಿ.

ಹಿತ್ತಲ_ದಾಸವಾಳ | ರಾತ್ರಿ 11:04

ಸುರಿಸಿದೆವು. 'ಛಳಾರ್' ಅಂದ.